ಕೇಳಿದ್ದಕ್ಕೆ ಉತ್ತರ ಫೋನಲ್ಲಿದೆ, ನಮ್ಮನ್ನ ಕೇಳೋರು ಯಾರು?

ಹೋದ ತಿಂಗಳು ನಮ್ಮೂರ ಸೊಸೈಟಿ ಹಾಲಲ್ಲಿ, ಕಾಯಿಲೆ ಬಂದಾಗ ಫೋನನ್ನ ನಂಬೋದಾ ಡಾಕ್ಟ್ರನ್ನ ನಂಬೋದಾ ಅಂತ ನಾನು ಮಾತಾಡಿದ್ದನ್ನ ಬರೆದು ಹಾಕಿ ಅಂತ ಕೆಲವ್ರು ಕೇಳಿದ್ರು, ಯಾರೋ ಪುಣ್ಯಾತ್ಮರು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನೇ ಕೇಳ್ಕೊಂಡು ಟೈಪ್ ಮಾಡಿದೀನಿ. ಗಡಿಬಿಡಿಲಿ ಬಿಟ್ಟು ಹೋಗಿದ್ದ ಒಂದೆರಡು ವಿಷಯ ಸೇರಿಸಿದೀನಿ ಅಷ್ಟೆ.

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ. ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಓದಿದ್ದು ಡಿ ಫಾರ್ಮಾ. ಆರೋಗ್ಯದ ಬಗ್ಗೆ ಮಾತಾಡಕ್ಕೆ ಡಾಕ್ಟ್ರನ್ನೇ ಕರೀರಿ ಅಂದೆ, ಸೊಸೈಟಿಯವ್ರು ಕೇಳ್ಲಿಲ್ಲ. ಆಮೇಲೆ ನನಗೂ ಅನ್ನಿಸ್ತು, ಡಾಕ್ಟ್ರೇ ಬಂದು ಇಲ್ಲಿ ನಿಂತು ಡಾಕ್ಟ್ರನ್ನ ನಂಬಿ ಅಂದ್ರೆ ನೀವು ಒಳಗೊಳಗೇ ನಗ್ತೀರಿ, ಅಡಿಕೆ ಮಂಡಿಯವ್ರು ಬಂದು ಮಂಡಿನ ನಂಬಿ ಅಂದ ಹಾಗೆ ಆಗುತ್ತೆ. ನಾನಾದ್ರೆ ಮಧ್ಯದಲ್ಲಿ ಇರೋನು. ಡಾಕ್ಟ್ರು ಬರೆದಿದ್ದೂ ನನ್ನ ಕೌಂಟರಿಗೆ ಬರುತ್ತೆ, ಫೋನ್ ಹೇಳಿದ್ದೂ ನನ್ನ ಕೌಂಟರಿಗೇ ಬರುತ್ತೆ.

ಫೋನ್ ಹೇಳಿದ್ದು ಹೆಂಗೆ ಬರುತ್ತೆ ಅಂದ್ರೆ, ಬಂದೋರು ಮಾತೇ ಆಡಲ್ಲ, ಸ್ಕ್ರೀನ್ ತೋರಿಸ್ತಾರೆ, ಇದು ಕೊಡಿ. ಯಾರಿಗೆ ಅಂದ್ರೆ ಮನೆಲಿ ಒಬ್ರಿಗೆ. ಎಂತ ಆಗಿದೆ ಅಂದ್ರೆ ಅದರಲ್ಲೇ ಬರ್ದಿದೆ ನೋಡಿ. ನೋಡಿದ್ರೆ ಯಾವುದೋ ಆಂಟಿಬಯಾಟಿಕ್, ಮಾತ್ರೆ ಪಟ್ಟಿ ಮೇಲೆ ಕೆಂಪು ಗೆರೆ ಇರೋದು, ಚೀಟಿ ಇಲ್ದೆ ಕೊಡಂಗಿಲ್ಲ ಅಂತ ಆ ಗೆರೆ ಹಾಕಿರೋದೇ. ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತೀವಿ ಬಿಡಿ ಅಂತಾರೆ. ಹೋಗ್ತಾರೆ ಕೂಡ.

ಹಂಗಂತ ನಾನು ಫೋನಿಗೆ ವಿರೋಧಿ ಅಲ್ಲ, ಇವತ್ತು ಇಲ್ಲಿ ಹೇಳೋ ಅರ್ಧ ವಿಷಯ ಫೋನಲ್ಲೇ ಓದ್ಕೊಂಡು ಬಂದಿದೀನಿ. (ಇಲ್ಲಿ ಎಲ್ರೂ ನಕ್ರು.) ಮುಂಚೆ ನಮ್ಮ ಹೆಣ್ಮಕ್ಕಳು ಅಂಗಡಿಗೆ ಬಂದು, ಗಂಡಸರೆಲ್ಲ ಹೋಗೋ ತನಕ ಬಾಗಿಲ ಹತ್ರ ನಿಂತಿದ್ದು, ಆಮೇಲೂ ಬಾಯಿ ಬಿಡದೆ ವಾಪಸ್ ಹೋಗಿದ್ದು ಎಷ್ಟು ನೋಡಿದೀನಿ. ಈಗ ಟೈಪ್ ಮಾಡಿ ಸ್ಕ್ರೀನ್ ತೋರಿಸ್ತಾರೆ, ಬಿಳಿ ಮುಟ್ಟಿನ ಬಗ್ಗೆ, ಎದೇಲಿ ಗಂಟಿನ ಬಗ್ಗೆ. ಬಾಯಲ್ಲಿ ಹೇಳಕ್ಕೆ ಆಗದೆ ಇದ್ದಿದ್ದಕ್ಕೆ ಒಂದು ದಾರಿ ಆಯ್ತು, ಅದು ಸಣ್ಣ ವಿಷಯ ಅಲ್ಲ. ಶುಗರ್ ಅಂದ್ರೆ ಏನು, ಬಿಪಿ ಎಷ್ಟಿರಬೇಕು, ಇನ್ಸುಲಿನ್ ಫ್ರಿಜ್ಜಲ್ಲಿ ಎಲ್ಲಿ ಇಡಬೇಕು, ಇದೆಲ್ಲ ಈಗ ಜನಕ್ಕೆ ಗೊತ್ತು. ಒಳ್ಳೇದೇ.

ನನ್ನ ತಕರಾರು ಬೇರೆ ಕಡೆ ಇದೆ. ಫೋನು ನೀವು ಕೇಳಿದ್ದಕ್ಕೆ ಉತ್ತರ ಕೊಡುತ್ತೆ. ನೀವು ಹೇಳದೇ ಇರೋದನ್ನ, ಹೇಳಬೇಕು ಅಂತ ನಿಮಗೇ ಗೊತ್ತಿಲ್ಲದೇ ಇರೋದನ್ನ ಕೆದಕಿ ಕೇಳೋಕೆ ನಿಮ್ಮನ್ನ ಬಲ್ಲ ಒಬ್ಬ ಮನುಷ್ಯ ಬೇಕು, ಮತ್ತೆ ಆ ಮನುಷ್ಯನ ಮುಂದೆ ನಿಜ ಹೇಳೋ ಧೈರ್ಯ ನಿಮಗೂ ಬೇಕು.

ಜ್ವರದ ಕಥೆನೇ ತಗೊಳ್ಳಿ, ಇನ್ನೇನು ಡಿಸೆಂಬರ್ ಬಂತು. ಜ್ವರ, ತಲೆನೋವು, ಮೈಕೈ ನೋವು ಅಂತ ಫೋನಿಗೆ ಹಾಕಿ ನೋಡಿ, ಎಲ್ಲಾ ಬರುತ್ತೆ, ಫ್ಲೂ, ಡೆಂಗಿ, ಟೈಫಾಯ್ಡ್, ಮಲೇರಿಯಾ. ದೂರದ ಊರಲ್ಲಿ ಕೂತು ಯಾರೋ ಬರೆದಿದ್ದರಲ್ಲಿ ಮಂಗನ ಕಾಯಿಲೆ ಪಟ್ಟಿಯ ಕೊನೇಲೂ ಇರಲ್ಲ. ಆದ್ರೆ ಆ ಕಾಯಿಲೆ ಮೊದ್ಲು ಗೊತ್ತಾಗಿದ್ದೇ ನಮ್ಮ ಜಿಲ್ಲೇಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯಕ್ಕೆ ಶುರುವಾದಾಗ, ಅದಕ್ಕೇ ಪ್ರಪಂಚದ ಪುಸ್ತಕದಲ್ಲೆಲ್ಲ ಅದಕ್ಕೆ ಕ್ಯಾಸನೂರು ಹೆಸರು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಇದೇ ಕಾಯಿಲೆ ಹಬ್ಬಿ ಜನ ತೀರ್ಕೊಂಡಿದ್ದನ್ನ ನಿಮಗೆ ನಾನು ಹೇಳಬೇಕಾಗಿಲ್ಲ. ಉಣುಗು, ಅಂದ್ರೆ ಉಣ್ಣೆ ಹುಳ, ಕಚ್ಚಿ ಬರೋ ವೈರಸ್ ಅದು, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಜ್ವರ ಬಂದೋರಲ್ಲಿ ನೂರಕ್ಕೆ ಮೂರರಿಂದ ಐದು ಜನ ತೀರ್ಕೊಳ್ತಾರೆ, ಅದಕ್ಕೇ ಅಂತ ವೈರಸ್ ಕೊಲ್ಲೋ ಔಷಧಿನೂ ಇಲ್ಲ, ಬೇಗ ಗೊತ್ತಾಗಿ ಬೇಗ ಆಸ್ಪತ್ರೆಲಿ ನೋಡ್ಕೊಳ್ಳೋದೇ ಇರೋ ದಾರಿ.

ಈಗ ಅದೇ ಜ್ವರ ಇಟ್ಕೊಂಡು ನಮ್ಮ ಕಡೆ ಹಳಬರು ಡಾಕ್ಟ್ರ ಹತ್ರ ಹೋಗಿ. ಅವ್ರು ಮೊದ್ಲು ಕೇಳೋದೇ ಬೇರೆ. ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ರಾ, ದರಗು (ಕಾಡಲ್ಲಿ ಉದುರಿದ ಒಣ ಎಲೆ) ಗುಡಿಸಿ ತಂದ್ರಾ, ದನ ಕಾಡಿಗೆ ಬಿಡ್ತೀರಾ, ನಿಮ್ಮ ಕಡೆ ಮಂಗ ಸತ್ತಿದ್ವಾ. ಇಲ್ಲ ಅಂದ್ರೆ ಇನ್ನೊಂದು ಕಡೆ ಹೋಗ್ತಾರೆ, ಗದ್ದೆಲಿ ನಿಂತ ನೀರಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದ್ರಾ, ಕಾಲಿನ ಮೀನಖಂಡ ಮುಟ್ಟಿದ್ರೆ ನೋವಾ, ಕಣ್ಣು ಕೆಂಪಾಗಿದ್ಯಾ, ಅದು ಇಲಿ ಜ್ವರದ ಪ್ರಶ್ನೆ. ಅದೂ ಅಲ್ಲ ಅಂದ್ರೆ ಅಂಗಿ ತೆಗೀರಿ ಅಂತಾರೆ. ಯಾಕೆ ಗೊತ್ತಾ, ಸ್ಕ್ರಬ್ ಟೈಫಸ್ ಅಂತ ಒಂದಿದೆ, ಸಣ್ಣ ಹುಳ ಕಚ್ಚಿದ ಜಾಗದಲ್ಲಿ ಬೀಡಿ ಬೆಂಕಿ ತಾಗಿದ ಹಾಗೆ ಕಪ್ಪು ಹಕ್ಕಳೆ ಕಟ್ಟುತ್ತೆ, ನೋವೂ ಇರಲ್ಲ ತುರಿಕೆನೂ ಇರಲ್ಲ, ಅದು ಇರೋದು ಕಂಕುಳಲ್ಲೋ ತೊಡೆ ಸಂದಿಲೋ, ರೋಗಿಗೇ ಅದು ಇದೆ ಅಂತ ಗೊತ್ತಿರಲ್ಲ. ಗೊತ್ತೇ ಇಲ್ಲದ್ದನ್ನ ಫೋನಿಗೆ ಟೈಪ್ ಮಾಡೋದು ಹೆಂಗೆ ಮಾರಾಯ್ರೆ? ಇಲಿ ಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಆಂಟಿಬಯಾಟಿಕ್ ಕೆಲಸ ಮಾಡುತ್ತೆ, ಮಂಗನ ಕಾಯಿಲೆಗೂ ಡೆಂಗಿಗೂ ಮಾಡಲ್ಲ. ಒಂದು ಪ್ರಶ್ನೆ ಕೇಳದೇ ಹೋದ್ರೆ ಇಡೀ ದಾರಿನೇ ತಪ್ಪುತ್ತೆ.

ಇದು ನನ್ನ ಊಹೆ ಅಂದ್ಕೋಬೇಡಿ. 1975ರಲ್ಲಿ ಇಂಗ್ಲೆಂಡಲ್ಲಿ ಒಂದು ಚಿಕ್ಕ ಅಧ್ಯಯನ ಮಾಡಿದ್ರು, ಆಸ್ಪತ್ರೆಗೆ ಹೊಸದಾಗಿ ಬಂದ 80 ರೋಗಿಗಳು, ಅದರಲ್ಲಿ 66 ಜನರ ಕಾಯಿಲೆ ಏನು ಅಂತ ಅವರ ಮಾತು ಕೇಳಿದ್ದರಲ್ಲೇ ಸರಿಯಾಗಿ ಗೊತ್ತಾಗಿತ್ತು. ಮೈ ಪರೀಕ್ಷೆ ಮಾಡಿದ ಮೇಲೆ ಅಭಿಪ್ರಾಯ ಬದಲಾಗಿದ್ದು 7 ಜನದ್ದು, ಲ್ಯಾಬ್ ಟೆಸ್ಟ್ ಆದ ಮೇಲೆ ಬದಲಾಗಿದ್ದು ಇನ್ನೊಂದು 7. ಈಗ ಸ್ಕ್ಯಾನಿಂಗ್ ಅದು ಇದು ಜಾಸ್ತಿ ಆಗಿದೆ ಸರಿ, ಆದ್ರೂ ಯಾವ ಸ್ಕ್ಯಾನ್ ಮಾಡಬೇಕು ಅಂತ ಗೊತ್ತಾಗೋದೂ ಮಾತಿಂದಾನೇ. 2015ರಲ್ಲಿ ಇನ್ನೊಂದು ಮಾಡಿದ್ರು, ಲಕ್ಷಣ ಹಾಕಿದ್ರೆ ಕಾಯಿಲೆ ಹೇಳೋ 23 ವೆಬ್‌ಸೈಟು ಆ್ಯಪುಗಳನ್ನ ಪರೀಕ್ಷೆ ಮಾಡಿದ್ದು, ಸರಿಯಾದ ಕಾಯಿಲೆ ಮೊದಲ ಸಾಲಲ್ಲಿ ಬಂದಿದ್ದು ನೂರಕ್ಕೆ 34 ಸಲ ಮಾತ್ರ. ಅದೂ ಲಕ್ಷಣ ಎಲ್ಲಾ ನೀಟಾಗಿ ಬರೆದು ಕೊಟ್ಟಾಗ. ನಮ್ಮ ಹಾಗೆ ಒಂದು ಹೇಳಿ ಒಂದು ಬಿಡೋರು ಹಾಕಿದ್ರೆ ಎಷ್ಟು ಬರ್ತಿತ್ತೋ. ಈಗ ಎಐ ಬಂದಿದೆ, ಹಳೇ ಆ್ಯಪುಗಳಿಗಿಂತ ಜಾಣ, ಕನ್ನಡದಲ್ಲೇ ನಯವಾಗಿ ಮಾತಾಡುತ್ತೆ, ವಾಪಸ್ ಪ್ರಶ್ನೆನೂ ಕೇಳುತ್ತೆ, ಸುಳ್ಳು ಹೇಳಬಾರದು. ಆದ್ರೆ ನೀವು ಕುಂಟ್ತಾ ಒಳಗೆ ಬಂದಿದ್ದನ್ನ ಅದು ನೋಡಿರಲ್ಲ, ಹೋದ ವರ್ಷ ನಿಮ್ಮ ಮುಖ ಹೆಂಗಿತ್ತು ಅಂತ ಅದಕ್ಕೆ ನೆನಪಿರಲ್ಲ, ತಪ್ಪಾದ್ರೆ ನಾಳೆ ಸಂತೇಲಿ ನಿಮಗೆ ಎದುರಾಗೋ ಹೆದರಿಕೆನೂ ಅದಕ್ಕಿಲ್ಲ.

ಈಗ ನಿಜ ಹೇಳೋ ವಿಷಯಕ್ಕೆ ಬರ್ತೀನಿ, ನಂಗೆ ಇದೇ ಮುಖ್ಯ ಅನ್ಸೋದು.

ಒಬ್ರು ಇದಾರೆ, ಹೆಸರು ಊರು ಬೇಡ. ಶುಗರ್‌ಗೆ ಮೆಟ್ಫಾರ್ಮಿನ್ ತಗೋತಿದ್ರು, ತಿಂಗಳಿಗೊಂದ್ಸಲ ನನ್ನ ಹತ್ರಾನೇ. ಇದ್ದಕ್ಕಿದ್ದ ಹಾಗೆ ಬರೋದು ನಿಂತ್ರು. ಬೇರೆ ಅಂಗಡಿಗೆ ಹೋಗ್ತಿರಬಹುದು ಅಂದ್ಕೊಂಡೆ. ಆಮೇಲೆ ಗೊತ್ತಾಗಿದ್ದು, ಮೆಟ್ಫಾರ್ಮಿನ್ ತಗೊಂಡ್ರೆ ಕಿಡ್ನಿ ಹೋಗುತ್ತೆ ಅಂತ ಯಾರೋ ಒಂದು ವಿಡಿಯೊ ಕಳಿಸಿದಾರೆ, ಇವ್ರು ಹೆದರಿ ಬಿಟ್ಟಿದಾರೆ, ಡಾಕ್ಟ್ರ ಹತ್ರ ಮಾತ್ರ ತಗೋತಿದೀನಿ ಅಂದಿದಾರೆ. ಡಾಕ್ಟ್ರಿಗೇನು ಕನಸು ಬೀಳುತ್ತಾ? ಮಾತ್ರೆ ತಗೊಂಡ್ರೂ ಶುಗರ್ ಇಳೀತಿಲ್ವಲ್ಲ ಅಂತ ಡೋಸ್ ಜಾಸ್ತಿ ಮಾಡಿದ್ರು, ಜೊತೆಗೆ ಗ್ಲಿಮೆಪಿರೈಡ್ ಅಂತ ಶುಗರ್ ಇಳಿಸೋ ಇನ್ನೊಂದು ಮಾತ್ರೆ ಸೇರಿಸಿದ್ರು. ಮನೆಲಿ ಮಗಳು ಬೈದಳು ಅಂತ ಇವ್ರು ಒಂದಿನ ಎಲ್ಲಾ ಮಾತ್ರೆ ಶುರು ಹಚ್ಕೊಂಡ್ರು, ಅವತ್ತು ಊಟ ಸರಿಯಾಗಿ ಮಾಡಿರಲಿಲ್ಲ, ತೋಟದಲ್ಲಿ ಬೆವತು ತಲೆ ಸುತ್ತಿ ಬಿದ್ರು. ಶುಗರ್ ತೀರಾ ಇಳಿದು ಹೋಗಿತ್ತು. ಅಡಿಕೆ ಕೊನೆ ತೆಗೆಯೋ ಹುಡುಗರು ಇದ್ರು, ಸಕ್ಕರೆ ನೀರು ಕುಡಿಸಿ ಎತ್ಕೊಂಡು ಬಂದ್ರು, ಉಳ್ಕೊಂಡ್ರು.

ಆ ವಿಡಿಯೊ ಪೂರ್ತಿ ಸುಳ್ಳಾ ಅಂದ್ರೆ ಅದೂ ಅಲ್ಲ, ಅಲ್ಲೇ ಇರೋದು ತೊಂದರೆ. ಕಿಡ್ನಿ ಮೊದಲೇ ಸೋತಿದ್ರೆ ಮೆಟ್ಫಾರ್ಮಿನ್ ಡೋಸ್ ಕಡಿಮೆ ಮಾಡ್ತಾರೆ, ತೀರಾ ಸೋತಿದ್ರೆ ನಿಲ್ಲಿಸ್ತಾರೆ, ಅದು ಸರಿ. ಅದಕ್ಕೇ ಡಾಕ್ಟ್ರು ಆಗಾಗ ಕಿಡ್ನಿ ಹೆಂಗಿದೆ ಅಂತ ನೋಡೋ ಕ್ರಿಯಾಟಿನಿನ್ ಟೆಸ್ಟ್ ಬರೆಯೋದು. ಆದ್ರೆ ಮೆಟ್ಫಾರ್ಮಿನ್ನೇ ಕಿಡ್ನಿ ಹಾಳು ಮಾಡುತ್ತೆ ಅನ್ನೋದು ಉಲ್ಟಾ, ಹಾಳು ಮಾಡೋದು ಹತೋಟಿಗೆ ಬರದ ಶುಗರ್ರು. ಅರ್ಧ ನಿಜ ಹಿಡ್ಕೊಂಡು ಮಾಡಿರೋ ವಿಡಿಯೊನ ಪೂರ್ತಿ ಸುಳ್ಳಿನ ಹಾಗೆ ತಳ್ಳಿ ಹಾಕಕ್ಕಾಗಲ್ಲ, ನಿಮ್ಮ ಕಿಡ್ನಿ ಹೆಂಗಿದೆ ಅಂತ ಗೊತ್ತಿರೋರೇ ಬಿಡಿಸಿ ಹೇಳಬೇಕು. ಅವ್ರು ವಿಡಿಯೊ ನೋಡಿ ಹೆದರಿದ್ದಕ್ಕೆ ನಂಗೆ ಬೇಜಾರಿಲ್ಲ, ಹೆದರಿದ್ದನ್ನ ಡಾಕ್ಟ್ರಿಗೆ ಹೇಳಕ್ಕಾಗ್ಲಿಲ್ವಲ್ಲ ಅಂತ ಬೇಜಾರು. ಬೈತಾರೆ ಅಂತ ಹೇಳ್ಲಿಲ್ವಂತೆ.

ಹಿಂಗೆ ನಾವು ಮುಚ್ಚಿಡೋದು ಒಂದಾ ಎರಡಾ. ಕುಡಿಯೋದನ್ನ ಹೇಳಲ್ಲ, ಹೇಳಿದ್ರೂ ಯಾವಾಗಾದ್ರೊಮ್ಮೆ ಅಂತೀವಿ, ದಿನಾ ಕುಡಿಯೋರಿಗೆ ಪ್ಯಾರಾಸಿಟಮಾಲ್ ಕೂಡ ಲೆಕ್ಕ ಹಾಕಿ ಕೊಡಬೇಕು, ಲಿವರ್ ಪ್ರಶ್ನೆ ಅದು. ನಾಟಿ ಔಷಧಿ ಕುಡೀತಿರೋದನ್ನ ಹೇಳಲ್ಲ, ಇಂಗ್ಲಿಷ್ ಡಾಕ್ಟ್ರು ತಮಾಷೆ ಮಾಡ್ತಾರೆ ಅಂತ. ನಮ್ಮ ಮಲೆನಾಡಲ್ಲಿ ತೊಗಟೆ ಬೇರು ಕಷಾಯ ಇಲ್ಲದ ಮನೆ ಯಾವುದು ಹೇಳಿ, ನಾನೂ ಕುಡ್ದು ಬೆಳೆದೋನೇ. ನಮ್ಮ ಹಳೇ ನಾಟಿ ವೈದ್ಯರ ಔಷಧಿ ಬಗ್ಗೆ ಮಾತಾಡಕ್ಕೆ ನಾನು ಯೋಗ್ಯ ಅಲ್ಲ, ಆದ್ರೆ ಒಂದು ಮಾತ್ರ ಹೇಳ್ತೀನಿ, ಅವ್ರು ಎದುರಿಗೆ ಕೂರಿಸ್ಕೊಂಡು ಕೈ ಹಿಡಿದು ನಾಡಿ ನೋಡಿ ಮನೆ ಮಠ ಎಲ್ಲ ವಿಚಾರಿಸಿ ಆಮೇಲೆ ಕೊಡ್ತಿದ್ರು. ಈಗ ಅವರ ಹೆಸರು ಹೇಳ್ಕೊಂಡು ಫೋನಲ್ಲಿ ಪುಡಿ ಮಾರೋರು ಅದ್ಯಾವುದೂ ಮಾಡಲ್ಲ, ಎಲ್ಲರಿಗೂ ಒಂದೇ ಡಬ್ಬಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಹಾಕೋದೇ ಕಾನೂನಿಗೆ ವಿರುದ್ಧ, 1954ರಿಂದ ಇರೋ ಕಾಯ್ದೆ ಅದು. ಯಾರು ಕೇಳ್ತಾರೆ. ಇನ್ನು ಸಾಲದ ಚಿಂತೆಗೆ, ಎಲೆಚುಕ್ಕಿ ರೋಗಕ್ಕೆ ತೋಟ ಹೋಯ್ತು ಅನ್ನೋ ಚಿಂತೆಗೆ ನಿದ್ದೆ ಬರ್ತಿಲ್ಲ ಅನ್ನೋದನ್ನ ಯಾರಿಗೂ ಹೇಳಲ್ಲ, ನನ್ನ ಹತ್ರ ಬಂದು ನಿದ್ದೆ ಮಾತ್ರೆ ಕೊಡಿ ಅಂತಾರೆ ಅಷ್ಟೆ. ಅದಕ್ಕೆ ಮಾತ್ರೆಗಿಂತ ಮೊದಲು ಒಂದು ಕುರ್ಚಿ ಹಾಕಿ ಕೂರಿಸೋರು ಬೇಕು.

ಡೆಂಗಿ ವಿಷಯ ಸ್ವಲ್ಪ ಹೇಳ್ತೀನಿ, ಪ್ರತಿ ಮಳೆಗಾಲ, ಕುಡಿದ್ರೆ ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಏರುತ್ತೆ ಅಂತ ಪಪ್ಪಾಯ ಎಲೆ ರಸದ ಮೆಸೇಜು ಬರುತ್ತಲ್ಲ. ಜನ ಪ್ಲೇಟ್ಲೆಟ್ ನಂಬರ್ ಹಿಡ್ಕೊಂಡು ಕೂತಿರ್ತಾರೆ, ಜ್ವರ ಬಿಟ್ಟ ಕೂಡ್ಲೆ ಗೆದ್ವಿ ಅಂತ ತೋಟಕ್ಕೆ ಹೋಗ್ತಾರೆ. ಡೆಂಗಿಲಿ ಅಪಾಯ ಶುರುವಾಗೋದೇ ಜ್ವರ ಇಳಿಯೋ ಹೊತ್ತಿಗೆ, ಮೂರರಿಂದ ಏಳನೇ ದಿನದ ಮಧ್ಯೆ. ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ತೂಕಡಿಕೆ ಬಂದ್ರೆ ಆಗ ಓಡಬೇಕು. ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೇಳ್ಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು, ಮಂಗನ ಕಾಯಿಲೆ ಅನುಮಾನ ಇದ್ರೂ ಅಷ್ಟೇ. ಮಂಗನ ಕಾಯಿಲೆಲಿ ಇನ್ನೊಂದಿದೆ, ಜ್ವರ ಬಿಟ್ಟು ಒಂದೆರಡು ವಾರ ಆರಾಮಿದ್ದು ಕೆಲವರಿಗೆ ಮತ್ತೆ ವಾಪಸ್ ಬರುತ್ತೆ, ಆಗ ತಲೆಗೆ ಏರುತ್ತೆ, ನಡುಕ, ಗೊಂದಲ, ದೃಷ್ಟಿ ಮಂಜು. ಆಗ ಇದು ಅದೇ ಜ್ವರದ ಮುಂದಿನ ಭಾಗ ಅಂತ ಹೇಳೋರು ಯಾರು? ಮೊದಲನೇ ಜ್ವರ ನೋಡಿದೋರು.

ಇಷ್ಟು ಹೊತ್ತೂ ರೋಗಿಗಳಿಗೇ ಹೇಳಿದೆ, ಇನ್ನು ಡಾಕ್ಟ್ರ ಕಡೆಗೂ ಸ್ವಲ್ಪ. ನಂಬಿಕೆ ಅನ್ನೋದು ಬೋರ್ಡ್ ಹಾಕಿದ ಕೂಡ್ಲೆ ಬರಲ್ಲ. 1984ರಲ್ಲಿ ಅಮೆರಿಕದಲ್ಲಿ ಗಡಿಯಾರ ಇಟ್ಕೊಂಡು ನೋಡಿದ್ರು, ರೋಗಿ ಬಾಯಿ ಬಿಟ್ಟ ಮೇಲೆ ಡಾಕ್ಟ್ರು ಎಷ್ಟು ಹೊತ್ತಿಗೆ ಮಧ್ಯೆ ಬಾಯಿ ಹಾಕ್ತಾರೆ ಅಂತ. ಸರಾಸರಿ 18 ಸೆಕೆಂಡು. ಬಿಟ್ರೆ ರೋಗಿ ಗಂಟೆಗಟ್ಲೆ ಕೊರೀತಾನೆ ಅಂತ ಡಾಕ್ಟ್ರ ಭಯ. 2002ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಅದನ್ನೂ ನೋಡಿದ್ರು, ತಡೀದೆ ಬಿಟ್ರೆ ರೋಗಿ ಮಾತಾಡೋದು ಸರಾಸರಿ 92 ಸೆಕೆಂಡು, ಅಷ್ಟರಲ್ಲಿ ಅವರಾಗೇ ಮುಗಿಸ್ತಾರೆ. ಒಂದೂವರೆ ನಿಮಿಷ! ಹೊರಗೆ ಐವತ್ತು ಜನ ಕಾಯ್ತಿರೋ ಆಸ್ಪತ್ರೆಲಿ ಅದೂ ಕಷ್ಟ, ಒಪ್ತೀನಿ, ಅಲ್ಲಿ ಕೂತೋರ ಪಾಡು ನಾನೂ ನೋಡಿದೀನಿ. ಆದ್ರೂ ಈ ಟೆಸ್ಟ್ ಯಾಕೆ, ಈ ಮಾತ್ರೆ ಎಷ್ಟು ದಿನ ಅಂತ ಒಂದು ಮಾತು ಹೇಳದೆ ಚೀಟಿ ಹರಿದು ಕೊಟ್ರೆ, ರೋಗಿ ಆ ಚೀಟಿ ಹಿಡ್ಕೊಂಡು ಆಸ್ಪತ್ರೆ ಮೆಟ್ಟಿಲ ಮೇಲೇ ಫೋನ್ ತೆಗೀತಾನೆ. ತಪ್ಪು ಅವನದ್ದೊಂದೇ ಅಂತ ನಾನಂತೂ ಹೇಳಲ್ಲ. ಗೂಗಲ್ ಡಾಕ್ಟ್ರು ಬಂದ್ರು ನೋಡಿ ಅಂತ ಹೀಯಾಳಿಸೋ ಡಾಕ್ಟ್ರೂ ಇದಾರೆ, ಅಂಥವರ ಹತ್ರ ಇನ್ನೊಂದ್ಸಲ ಯಾವ ರೋಗಿ ಬಾಯಿ ಬಿಡ್ತಾನೆ?

ಒಬ್ರೇ ಡಾಕ್ಟ್ರ ಹತ್ರ ಹೋಗ್ತಾ ಇದ್ರೆ ನಿಜಕ್ಕೂ ವ್ಯತ್ಯಾಸ ಆಗುತ್ತಾ ಅಂತ ಕೇಳಬಹುದು. ನಾರ್ವೆ ದೇಶದಲ್ಲಿ ಎಲ್ಲರಿಗೂ ಒಬ್ಬ ಮನೆ ಡಾಕ್ಟ್ರು ಅಂತ ಹೆಸರು ಬರೆಸಿರ್ತಾರೆ, ಅಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ನೋಡಿದ್ರು. ಒಂದೇ ಡಾಕ್ಟ್ರ ಹತ್ರ 15 ವರ್ಷಕ್ಕಿಂತ ಜಾಸ್ತಿ ಇದ್ದೋರನ್ನ, ಒಂದು ವರ್ಷ ಆದೋರ ಜೊತೆ ಹೋಲಿಸಿದ್ರೆ, ತುರ್ತಾಗಿ ಆಸ್ಪತ್ರೆ ಸೇರೋದು ಸುಮಾರು 28 ಪರ್ಸೆಂಟ್ ಕಡಿಮೆ, ಸಾವು 25 ಪರ್ಸೆಂಟ್ ಕಡಿಮೆ. ಅಂಥ ಲೆಕ್ಕದಲ್ಲಿ ಬೇರೆ ಕಾರಣಗಳೂ ಸೇರಿರಬಹುದು, ಆದ್ರೂ ಸಣ್ಣ ಅಂತರ ಅಲ್ಲ.

ನಮ್ಮಲ್ಲಿ 15 ವರ್ಷ ಎಲ್ಲಿಂದ ತರದು? ಹಳ್ಳಿ ಆಸ್ಪತ್ರೆಗೆ ಒಂದು ವರ್ಷದ ಕಡ್ಡಾಯ ಸೇವೆಗೆ ಹುಡುಗ ಡಾಕ್ಟ್ರು ಬರ್ತಾರೆ, ಪಾಪ ಒಳ್ಳೆಯವ್ರೇ, ದರಗು ಅಂದ್ರೇನು ಸೊಪ್ಪಿನ ಬೆಟ್ಟ ಅಂದ್ರೇನು ಅಂತ ಕಲಿಯೋ ಹೊತ್ತಿಗೆ ಪಿಜಿ ಸೀಟ್ ಸಿಕ್ಕಿ ಹೊರಡ್ತಾರೆ. ಹಾಗಾಗಿ ನಾನು ಹೇಳೋದು, ನಮ್ಮ ಕಡೆ ಕಾಯಂ ಇರೋರು ಆಶಾ ಅಕ್ಕ, ಸಬ್ ಸೆಂಟರ್ ಸಿಸ್ಟರ್. ಯಾರ ಮನೆಲಿ ಯಾರು ಕಾಡಿಗೆ ಹೋಗ್ತಾರೆ, ಯಾರು ಮಾತ್ರೆ ಬಿಟ್ಟಿದಾರೆ, ಯಾರ ಮನೆಲಿ ಸೊಸೆ ಮೂರು ದಿನದಿಂದ ಎದ್ದಿಲ್ಲ, ಅವ್ರಿಗೆ ಗೊತ್ತಿರೋಷ್ಟು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಡಾಕ್ಟ್ರ ಹತ್ರ ಹೋಗುವಾಗ ಅವರನ್ನ ಕರ್ಕೊಂಡು ಹೋಗಿ, ಇಲ್ಲಾ ಅವರ ಕೈಲಿ ಒಂದು ಫೋನ್ ಮಾಡಿಸಿ. ಇ-ಸಂಜೀವಿನಿ ಅಂತ ಸರ್ಕಾರದ್ದೇ ಇದೆ, ವಿಡಿಯೊದಲ್ಲಿ ಡಾಕ್ಟ್ರ ಹತ್ರ ದುಡ್ಡಿಲ್ದೆ ಮಾತಾಡಬಹುದು, ಮಳೆಗಾಲದಲ್ಲಿ ಘಾಟಿ ರಸ್ತೆಗೆ ಮರ ಬಿದ್ದಾಗ ಅದು ಎಷ್ಟೋ ಉಪಕಾರ. ಫೋನಲ್ಲಿ ಡಾಕ್ಟ್ರ ಹತ್ರ ಮಾತಾಡೋದು ಬೇರೆ, ಫೋನ್ ಹತ್ರಾನೇ ಮಾತಾಡೋದು ಬೇರೆ.

ಮಾತು ಮುಗಿದ ಮೇಲೆ ಪ್ರಶ್ನೆ ಇದ್ರೆ ಕೇಳಿ ಅಂದೆ. ಹಿಂದೆ ಕೂತಿದ್ದ ಒಬ್ಬ ಹುಡುಗ ಎದ್ದು, ಅಣ್ಣಾ ಹಂಗಾದ್ರೆ ನೆಟ್ಟಲ್ಲಿ ಓದಿದೀನಿ ಅಂತ ಡಾಕ್ಟ್ರಿಗೆ ಹೇಳಬೇಕಾ ಬೇಡ್ವಾ ಅಂದ. ಹೇಳಪ್ಪ, ಖಂಡಿತ ಹೇಳು. ನಂಗೆ ಇಂಥ ಕಾಯಿಲೆ ಅಂತ ಶುರು ಮಾಡ್ಬೇಡ, ಹಿಂಗೆ ಓದಿದೆ ಸಾರ್, ಓದಿ ಹೆದರಿಕೆ ಆಗಿದೆ, ನಂಗೆ ಇದು ಹೌದಾ ಅಲ್ವಾ ಅಂತ ಕೇಳು. ಮಾತ್ರೆ ಬಿಟ್ಟಿದ್ರೆ ಬಿಟ್ಟಿದೀನಿ ಅನ್ನು. ಬೈದ್ರೆ ಬೈಸ್ಕೋ, ಪ್ರತಿ ಸಲ ಬೈತಾರೆ ಅಂದ್ರೆ ಡಾಕ್ಟ್ರನ್ನ ಬದಲಾಯಿಸು, ಅದಕ್ಕೆ ಸಂಕೋಚ ಬೇಡ. ಆದ್ರೆ ತಿಂಗಳಿಗೊಬ್ಬರನ್ನ ಬದಲಾಯಿಸ್ಬೇಡ, ಹಳೇ ಚೀಟಿ ರಿಪೋರ್ಟು ಎಲ್ಲಾ ಒಂದು ಕವರಲ್ಲಿ ಹಾಕಿ ಇಟ್ಕೋ.

ಆಮೇಲೆ ಮುಂದೆ ಕೂತಿದ್ದ ಒಬ್ರು ಅಜ್ಜಿ ಕೇಳಿದ್ರು, ತಮಾ, ಮಂಗನ ಕಾಯ್ಲೆಗೆ ಸೂಜಿ ಹಾಕ್ತಿದ್ರಲ್ಲ, ಈ ವರ್ಷ ಯಾವಾಗ ಅಂತ. ಇಲ್ಲ ಅಮ್ಮ, ಆ ಹಳೇ ಲಸಿಕೆ ಈಗ ಕೊಡ್ತಿಲ್ಲ. ಮುಂಚೆ ಉಣುಗು ಹತ್ತದ ಹಾಗೆ ಹಚ್ಕೊಳ್ಳಕ್ಕೆ ಡಿಎಂಪಿ ಎಣ್ಣೆ ಕೊಡ್ತಿದ್ರಲ್ಲ, ಅದರ ಹಾಗೇ ಈಗ ಡೆಪಾ ಎಣ್ಣೆ ಕೊಡ್ತಾರೆ, ಆಶಾ ಅಕ್ಕನ್ನ ಕೇಳಿ, ದುಡ್ಡಿಲ್ಲ. ಬೆಟ್ಟಕ್ಕೆ ಹೋಗೋ ಮೊದ್ಲು ಕೈಕಾಲಿಗೆ ಹಚ್ಕೊಳ್ಳಿ, ಮೈತುಂಬ ಬಟ್ಟೆ ಹಾಕ್ಕೊಳ್ಳಿ, ಬಂದ ಕೂಡ್ಲೆ ಬಿಸಿನೀರಲ್ಲಿ ಸೋಪು ಹಚ್ಚಿ ಮೈ ತೊಳ್ಕೊಳ್ಳಿ, ಉಟ್ಟಿದ್ದ ಬಟ್ಟೆನೂ ಬಿಸಿನೀರಿಗೆ ಹಾಕಿ. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗ್ಬೇಡಿ, ಆಸ್ಪತ್ರೆಗೆ ತಿಳಿಸಿ. ಜ್ವರ ಬಂದ್ರೆ ಡಾಕ್ಟ್ರು ಕೇಳ್ಲಿ ಬಿಡ್ಲಿ, ನಾನು ದರಗಿಗೆ ಹೋಗಿದ್ದೆ ಅಂತ ಮೊದ್ಲೇ ಹೇಳ್ಬಿಡಿ. ಎಣ್ಣೆ ವಾಸನೆ ಆಗಲ್ಲ ಅಂದ್ರು ಅಜ್ಜಿ. ಆಗಲ್ಲ ಅಂದ್ರೂ ಹಚ್ಕೊಳ್ಳಿ ಅಂದೆ, ನೋಡನ ಅಂದ್ರು.